ಎಣ್ಣೆ–ಸೀಗೆಕಾಯಿ ಒಂದೇ ಸಾಲಿನಲ್ಲಿ: ವಿರೋಧಾಭಾಸ ಬರೆಯುವುದು ಹೇಗೆ?

ಮದುವೆಮನೆಯಿಂದ ಹೊರಬರುತ್ತಾ "ಊಟ ಭಯಂಕರ ಚೆನ್ನಾಗಿತ್ತು" ಎನ್ನುತ್ತೇವೆ. ಭಯಕ್ಕೂ ಚೆನ್ನಕ್ಕೂ ಎಣ್ಣೆ–ಸೀಗೆಕಾಯಿ ಸಂಬಂಧ. ಆದರೂ ಕೇಳಿದವರು ಯಾರೂ ಬೆಚ್ಚುವುದಿಲ್ಲ. ಬಳಸಿ ಬಳಸಿ 'ಭಯಂಕರ' ಎಂದರೆ 'ಬಹಳ' ಎಂದಷ್ಟೇ ಆಗಿಹೋಗಿದೆ. 'ಜೀವಂತ ಶವ', 'ಸಿಹಿನೋವು' ಕೂಡ ಹೀಗೆಯೇ ಸವೆದ ಜೋಡಿಗಳು. ಮಂಡ್ಯದ ಕಡೆಯವರು ಇವಕ್ಕೆ 'ಕಬ್ಬು ಬೆಳೆದವನಿಗೆ ಕಹಿ' ಎಂಬುದನ್ನೂ ಸೇರಿಸಬಹುದು. ಆ ನೋವು ನಿಜ, ಆದರೆ ತಲೆಬರಹಗಳಲ್ಲಿ ಓದಿ ಓದಿ ಮಾತಿನ ಮೊನೆ ಹೋಗಿದೆ. ಕಥೆ, ಕವಿತೆ ಬರೆಯುವವರು ತಮ್ಮ ಜೋಡಿಯನ್ನು ತಾವೇ ಹುಡುಕಬೇಕು.

ಹೀಗೆ ಒಂದಕ್ಕೊಂದು ವಿರುದ್ಧವಾದ ಪದಗಳನ್ನು ಜೋಡಿಸುವುದಕ್ಕೆ ಇಂಗ್ಲಿಷ್ ಪಾಠದಲ್ಲಿ ಆಕ್ಸಿಮೋರಾನ್ ಎಂದು ಹೆಸರು. ಗ್ರೀಕ್ ಮೂಲದಲ್ಲಿ ಆ ಪದದ ಅರ್ಧ 'ಚೂಪು', ಇನ್ನರ್ಧ 'ಮೊಂಡು'. ಹೆಸರೇ ತನಗೆ ಉದಾಹರಣೆ. ನಮ್ಮ ವಿರೋಧಾಭಾಸ ಇದಕ್ಕಿಂತ ಸ್ವಲ್ಪ ಅಗಲ. ಎರಡು ಪದಗಳ ನಡುವೆಯೇ ಇರಬೇಕೆಂದಿಲ್ಲ, ಇಡೀ ವಾಕ್ಯಕ್ಕೂ ಹರಡಬಹುದು. ಇಲ್ಲಿ ಮುಖ್ಯವಾದ ಪದ 'ಆಭಾಸ'. ವಿರೋಧ ಇರುವಂತೆ ತೋರಬೇಕು, ಯೋಚಿಸಿದರೆ ಕರಗಬೇಕು. ಕರಗದೆ ಉಳಿದರೆ ಅದು ಬರೀ ತಪ್ಪು ವಾಕ್ಯ.

ಅಲಂಕಾರದ ಪಾಠ ಮಂಡ್ಯದ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ, ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿದ್ದ ತಿರುಮಲಾರ್ಯ 'ಅಪ್ರತಿಮವೀರಚರಿತಂ' ಎಂಬ ಅಲಂಕಾರಗ್ರಂಥವನ್ನೇ ಬರೆದ. ಹಳಬರು ಎಷ್ಟೋ ಸಲ ವಿರೋಧವನ್ನು ಶ್ಲೇಷೆಯಿಂದ ಬಿಡಿಸುತ್ತಿದ್ದರು, ಎಂದರೆ ಒಂದೇ ಪದದ ಎರಡು ಅರ್ಥದಿಂದ. ಆ ಬಗೆಯನ್ನು ಈಗಲೂ ಕಟ್ಟಬಹುದು. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ನಾವು ಅಡಿಯಲ್ಲೇ ಓದುತ್ತೇವೆ, ತುಂಬಿದರೆ 124.80. "ಅಡಿಯೇ ಇಲ್ಲದ ಕಾವೇರಿ ನೂರಿಪ್ಪತ್ನಾಲ್ಕು ಅಡಿ ಏರಿದಳು." ಮೊದಲ 'ಅಡಿ' ಪಾದ, ಎರಡನೆಯದು ಅಳತೆ. ಗೊತ್ತಾದ ಕೂಡಲೇ ವಿರೋಧ ಹೋಯಿತು, ಖುಷಿ ಉಳಿಯಿತು. ಆದರೆ ಈ ಖುಷಿ ಒಂದೇ ಸಲದ್ದು. ಮತ್ತೆ ಮತ್ತೆ ಓದಿಸಿಕೊಳ್ಳುವ ವಿರೋಧ ಪದದಲ್ಲಿ ಹುಟ್ಟುವುದಿಲ್ಲ, ಮನುಷ್ಯರ ಪರಿಸ್ಥಿತಿಯಲ್ಲಿ ಹುಟ್ಟುತ್ತದೆ.

ಮೊದಲು ಪರಿಸ್ಥಿತಿ, ಆಮೇಲೆ ಪದ

ನಿಘಂಟು ತೆರೆದು ವಿರುದ್ಧಪದಗಳನ್ನು ಹುಡುಕುವುದೇ ಹೆಚ್ಚಿನವರು ಮಾಡುವ ಮೊದಲ ತಪ್ಪು. 'ಕತ್ತಲ ಬೆಳಕು', 'ಬಿಸಿ ಮಂಜು' ಎಂದೆಲ್ಲ ಸಾಲುಸಾಲಾಗಿ ಬರುತ್ತವೆ, ಒಂದರ ಹಿಂದೆಯೂ ಯಾರೂ ನಿಂತಿರುವುದಿಲ್ಲ. ಅದರ ಬದಲು ಎರಡು ಕಡೆಗೆ ಎಳೆದಾಡುವ ಒಂದು ಸಂದರ್ಭ ಹಿಡಿಯಿರಿ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ ಎನ್ನುತ್ತಾರಲ್ಲ, ಆ ಬಿಸಿತುಪ್ಪದಂಥದ್ದು.

ಗೌರಿ ಹಬ್ಬಕ್ಕೆ ತವರಿಗೆ ಬಂದ ಮಗಳನ್ನು ತೆಗೆದುಕೊಳ್ಳೋಣ. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಅವಳು ಈ ಮನೆಯವಳು ಎನ್ನುವ ಗುರುತುಗಳನ್ನು ಬರೆಯಿರಿ: ಉಪ್ಪಿನ ಜಾಡಿ ಎಲ್ಲಿದೆಯೆಂದು ಕೇಳಬೇಕಿಲ್ಲ, ಕತ್ತಲಲ್ಲೂ ಹೊಸ್ತಿಲು ಎಡವುವುದಿಲ್ಲ. ಬಲಕ್ಕೆ ಈ ಮನೆಯವಳಲ್ಲ ಎನ್ನುವವು: ಬೀರುವಿನಲ್ಲಿ ಅವಳ ಬಟ್ಟೆಗೆ ಜಾಗವಿಲ್ಲ, ಪಾತ್ರೆ ತೊಳೆಯಲು ಹೋದರೆ ಅತ್ತಿಗೆ "ನೀವು ಕೂತ್ಕೊಳ್ಳಿ" ಎನ್ನುತ್ತಾರೆ. ಒಂದೊಂದು ಕಡೆಗೂ ಐದೈದಾದರೂ ಇರಲಿ. ಮೊದಲ ಎರಡು ಎಲ್ಲರಿಗೂ ಹೊಳೆಯುವಂಥವು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ನಿಮ್ಮದೇ ಆದದ್ದು ಸಿಗತೊಡಗುತ್ತದೆ.

ಈಗ ಎರಡೂ ಕಡೆಯನ್ನು ಒಂದೊಂದು ಪದಕ್ಕೆ ಇಳಿಸಬೇಕು. 'ಪರಿಚಿತ ಪರಕೀಯತೆ' ಎಂದು ಬರೆದರೆ ಪ್ರಬಂಧದ ತಲೆಬರಹವಾಯಿತು, ಮಗಳು ಕಾಣೆಯಾದಳು. ಭಾವವಾಚಕ ಬಿಟ್ಟು ಮನೆಮಾತಿನ ಪದ ಹುಡುಕಿ: ತವರು, ನೆಂಟಳು. "ಹಬ್ಬಕ್ಕೆ ತವರಿಗೆ ನೆಂಟಳಾಗಿ ಬಂದಳು." ಇಷ್ಟೇ ಸಾಕು. ಇದನ್ನೇ "ನೆಂಟಳ ಹಾಗೆ ಬಂದಳು" ಎಂದು ಓದಿ ನೋಡಿ. 'ಹಾಗೆ' ಬಂದ ಕೂಡಲೇ ಅದು ಉಪಮೆಯಾಯಿತು. ನೆಂಟಳಲ್ಲ, ನೆಂಟಳಂತೆ ಅಷ್ಟೇ ಎಂಬ ಸಮಾಧಾನ ನುಸುಳಿತು. ವಿರೋಧ ಬೇಕಾದ ಕಡೆ 'ಅಂತೆ', 'ಹಾಗೆ', 'ಒಂಥರಾ' ಇಡಬೇಡಿ.

ಯಾವುದು ಹಿಂದೆ, ಯಾವುದು ಮುಂದೆ

ಕನ್ನಡದಲ್ಲಿ ವಿಶೇಷಣ ಮೊದಲು, ನಾಮಪದ ಆಮೇಲೆ; ತೂಕ ಬೀಳುವುದು ಕೊನೆಯ ಪದದ ಮೇಲೆ. 'ಮೌನದ ಮಾತು' ಎಂದರೆ ಏನೋ ಹೇಳಲಾಗಿದೆ, ಬಾಯಿ ಮಾತ್ರ ತೆರೆದಿಲ್ಲ. 'ಮಾತಿನ ಮೌನ' ಎಂದರೆ ಗಂಟೆಗಟ್ಟಲೆ ಆಡಿದರೂ ಹೇಳಬೇಕಾದದ್ದು ಹೇಳಲಿಲ್ಲ. ಪದಗಳು ಅವೇ, ಸಂಸಾರ ಬೇರೆ. ಹಾಗಾಗಿ ಜೋಡಿ ಸಿಕ್ಕಿದಾಗ ತಿರುಗಿಸಿ ಒಮ್ಮೆ ಬರೆಯಿರಿ. ಎರಡೂ ಒಂದೇ ಅರ್ಥ ಕೊಟ್ಟರೆ ಜೋಡಿ ಸಡಿಲವಾಗಿದೆಯೆಂದು ತಿಳಿಯಬೇಕು.

ವಿರೋಧವನ್ನು ಕ್ರಿಯಾಪದದಲ್ಲೂ ಇಡಬಹುದು, ಅನೇಕ ಸಲ ಅದೇ ಚೆಂದ. "ಅತ್ತೆ ನಗುನಗುತ್ತಲೇ ಮಾತು ಬಿಟ್ಟರು." ಅಲಂಕಾರ ಬಂದದ್ದೇ ಗೊತ್ತಾಗದೆ ಎದೆಗೆ ನಾಟುತ್ತದೆ.

'ಇಲ್ಲದ', 'ಬಾರದ', 'ಆಗದ' ಸೇರಿಸಿದರೆ ವಿರೋಧ ಸಿದ್ಧವಾಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು. 'ನೀರಿಲ್ಲದ ನಾಲೆ' ಎಂದರೆ ಬೇಸಿಗೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ನಿಂತವರಿಗೆ ಅದು ಅಲಂಕಾರವಲ್ಲ, ಎದುರಿಗೆ ಕಾಣುವ ಸಂಗತಿ. ಇಲ್ಲದ್ದನ್ನು ಇಲ್ಲ ಎನ್ನುವುದರಲ್ಲಿ ವಿರೋಧವಿಲ್ಲ. ಎರಡೂ ಒಟ್ಟಿಗೆ 'ಇದೆ' ಎಂದಾಗ ಮಾತ್ರ ಓದುಗರು ನಿಲ್ಲುತ್ತಾರೆ.

ಪಕ್ಕದ ಮನೆಯ ಅಲಂಕಾರಗಳು

ಉಪಮೆಯನ್ನು ಶಾಲೆಯಲ್ಲಿ ಕಲಿತಿದ್ದೇವೆ: ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ಸಮಾನಧರ್ಮ (ಎರಡರಲ್ಲೂ ಇರುವ ಗುಣ), ವಾಚಕಪದ ('ಅಂತೆ', 'ಹಾಗೆ' ಎಂಬಂಥವು). ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದೆರಡು ಬಿಟ್ಟರೆ ಲುಪ್ತೋಪಮೆ. ಪರೀಕ್ಷೆಗೆ ಇಷ್ಟು ಸಾಕು, ಬರೆಯುವವರಿಗೆ ಸಾಲದು. "ಅವನ ಸಿಟ್ಟು ಆಲೆಮನೆಯ ಪಾಕದಂತಿತ್ತು" ಎಂದರೆ ಓದುಗರ ಮನಸ್ಸು ಸಿಹಿಯ ಕಡೆ ಹೋಗುತ್ತದೆ. ಸಮಾನಧರ್ಮವನ್ನು ಬಿಟ್ಟದ್ದೇ ಕಾರಣ. "ಕೊಪ್ಪರಿಗೆಯ ಪಾಕದಂತೆ ಅವನ ಸಿಟ್ಟು ಗುಳುಗುಳು ಎನ್ನುತ್ತಾ ಮೇಲೆ ಬಂತು" ಎಂದಾಗ ದಾರಿ ತಪ್ಪುವುದಿಲ್ಲ. ಉಪಮಾನಕ್ಕೆ ಹಲವು ಗುಣಗಳಿದ್ದರೆ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳಿ. ಒಂದೇ ಇದ್ದರೆ ಬಿಡಿ.

ಉಪಮೇಯವೇ ಉಪಮಾನ ಎಂದುಬಿಡುವುದು ರೂಪಕ. ಇಲ್ಲಿ ಎಡವುವುದು ಎರಡನೆಯ ವಾಕ್ಯದಲ್ಲಿ. ಸಿಟ್ಟನ್ನು ಒಮ್ಮೆ ಪಾಕ ಮಾಡಿದ ಮೇಲೆ ಅದು ಉಕ್ಕಬಹುದು, ಸೀಯಬಹುದು, ಅಚ್ಚಿಗೆ ಬಿದ್ದು ಗಟ್ಟಿಯಾಗಬಹುದು. ಮುಂದಿನ ಸಾಲಿನಲ್ಲಿ ಅದಕ್ಕೆ ರೆಕ್ಕೆ ಮೂಡಿಸಬಾರದು.

ಒಂದು ಗೊಂದಲ ಮಾತ್ರ ಬಿಡಿಸಿಕೊಳ್ಳಿ. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳುವುದು. ಅಲಂಕಾರಶಾಸ್ತ್ರದಲ್ಲಿ ಅದು ಒಂದನ್ನು ಇನ್ನೊಂದೆಂದು ಕಲ್ಪಿಸುವುದು. ಹೆಚ್ಚು ಮಾಡುವುದು ಅತಿಶಯೋಕ್ತಿ.

ಎಷ್ಟು, ಎಲ್ಲಿ, ಪರೀಕ್ಷೆ ಹೇಗೆ

ಸಾವಿರದೈನೂರು ಪದದ ಕಥೆಗೆ ವಿರೋಧಾಭಾಸ ಎರಡು ಸಾಕು, ಪುಟ್ಟ ಕವಿತೆಗೆ ಒಂದು. ಹೆಚ್ಚಾದರೆ ಓದುಗರು ಮುಂದಿನದಕ್ಕೆ ಮೊದಲೇ ಸಿದ್ಧರಾಗಿಬಿಡುತ್ತಾರೆ, ಬೆರಗಿಗೆ ಜಾಗವಿರುವುದಿಲ್ಲ. ಜಾಡಿ, ಬೀರು, ಅತ್ತಿಗೆಯ ಮಾತು ಮೊದಲು ಬರಲಿ, 'ತವರಿಗೆ ನೆಂಟಳು' ಆಮೇಲೆ. ಅದರ ಹಿಂದೆಯೇ "ಏಕೆಂದರೆ ಮದುವೆಯಾದ ಹೆಣ್ಣಿಗೆ..." ಎಂದು ಬಿಡಿಸಿ ಹೇಳಬೇಡಿ. ವಿರೋಧವನ್ನು ಕರಗಿಸುವ ಕೆಲಸ ಓದುವವರದು, ಅದನ್ನು ಅವರಿಂದ ಕಸಿಯಬಾರದು.

ಬರೆದದ್ದನ್ನು ಎರಡು ದಿನ ಬಿಟ್ಟು ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಆ ಸಾಲಿನಲ್ಲಿ ಅವರು ಒಂದು ಕ್ಷಣ ತಡೆದು ಆಮೇಲೆ ತಲೆದೂಗಿದರೆ ಸರಿ. ತಡೆಯದೇ ಮುಂದೆ ಹೋದರೆ ಜೋಡಿ ಸವೆದದ್ದು, ಕಿತ್ತು ಹಾಕಿ. ತಡೆದವರು ಅಲ್ಲೇ ನಿಂತು "ಹಾಗಂದ್ರೆ?" ಎಂದರೆ ಜೋಡಿಯನ್ನು ಮುಟ್ಟಬೇಡಿ. ಅದರ ಹಿಂದಿನ ಎರಡು ವಾಕ್ಯಗಳಲ್ಲಿ ಎಡಗಡೆ ಪಟ್ಟಿಯದೋ ಬಲಗಡೆಯದೋ ಒಂದು ಗುರುತು ಬಿಟ್ಟುಹೋಗಿರುತ್ತದೆ. ಹಾಳೆ ತೆಗೆದು ಯಾವುದೆಂದು ನೋಡಿ ಸೇರಿಸಿ.