ಜರ್ಮನಿಯಲ್ಲಿ ಬೈಕಿಗೆ ಜಿಂಕೆ, ಹಂದಿ ಅಡ್ಡ ಬಂದರೆ: ಬ್ರೇಕಿನಿಂದ ವಿಮೆಯವರೆಗೆ

ಊರಲ್ಲಿ ಬೈಕ್ ಕಲಿತವರಿಗೆ ರಸ್ತೆಯ ಮೇಲಿನ ಪ್ರಾಣಿ ಎಂದರೆ ದನ, ಎಮ್ಮೆ, ನಾಯಿ. ಅವು ದೂರದಿಂದಲೇ ಕಾಣುತ್ತವೆ, ನಮ್ಮ ವೇಗವೂ ನಲವತ್ತು ಐವತ್ತರ ಒಳಗೆ. ಹ್ಯಾಂಡಲ್ ಸ್ವಲ್ಪ ತಿರುಗಿಸಿ ಪಕ್ಕದಿಂದ ದಾಟಿಬಿಡುತ್ತೇವೆ. ಜರ್ಮನಿಯ ಲಾಂಡ್‌ಸ್ಟ್ರಾಸೆಯಲ್ಲಿ, ಅಂದರೆ ಊರುಗಳ ನಡುವಿನ 100 ಕಿ.ಮೀ. ಮಿತಿಯ ರಸ್ತೆಯಲ್ಲಿ, ಈ ಅಭ್ಯಾಸ ಜೀವಕ್ಕೆ ಕುತ್ತು. ಇಲ್ಲಿ ಪ್ರಾಣಿ ಕಾಡಿನ ಅಂಚಿನಿಂದ ಒಂದೇ ನೆಗೆತಕ್ಕೆ ರಸ್ತೆಗೆ ಬೀಳುತ್ತದೆ. ಆ ವೇಗದಲ್ಲಿ ಪಕ್ಕಕ್ಕೆ ಎಳೆದ ಬೈಕ್ ಮರಕ್ಕೋ ಎದುರಿನ ಕಾರಿಗೋ ಹೋಗಿ ಬಡಿಯುತ್ತದೆ. ಪ್ರಾಣಿಗೆ ತಾಗದೆ ಬಿದ್ದರೆ ವಿಮೆ ಪಡೆಯುವುದೂ ಕಷ್ಟ. ಹಾಗಾಗಿ ನೇರವಾಗಿ ಬ್ರೇಕ್ ಹಿಡಿಯುವುದನ್ನು ಕೈಗೆ ರೂಢಿ ಮಾಡಿಸಬೇಕು.

ಯಾವಾಗ, ಎಲ್ಲಿ

ಅತಿ ಹೆಚ್ಚು ಎದುರಾಗುವುದು ರೇ, ಇಪ್ಪತ್ತು ಕಿಲೋ ಆಸುಪಾಸಿನ ಸಣ್ಣ ಜಿಂಕೆ. ಕಾಡುಹಂದಿ ನೂರು ಕಿಲೋ ದಾಟಬಹುದು, ರೋಟ್‌ಹಿರ್ಷ್ ಎಂಬ ದೊಡ್ಡ ಜಿಂಕೆ ಅದಕ್ಕಿಂತಲೂ ಭಾರ. ನಸುಕು ಮತ್ತು ಮುಸ್ಸಂಜೆ ಕೆಟ್ಟ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಎಳೆಯ ಗಂಡು ರೇಗಳು ತಮ್ಮದೇ ಜಾಗ ಹುಡುಕುತ್ತಾ ಅಲೆಯುತ್ತವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಅವುಗಳ ಬೆದೆಗಾಲ. ಆಗ ಹೆಣ್ಣಿನ ಹಿಂದೆ ಓಡುವ ಗಂಡು ಹಗಲು ಹೊತ್ತಿನಲ್ಲೂ ಹಿಂದುಮುಂದು ನೋಡದೆ ರಸ್ತೆಗೆ ನುಗ್ಗುತ್ತದೆ. ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಹಂದಿಗಳ ಓಡಾಟ ಹೆಚ್ಚು, ಸಾಲದ್ದಕ್ಕೆ ರಸ್ತೆಯಲ್ಲಿ ಒದ್ದೆ ಎಲೆ. ಮಾರ್ಚ್ ಕೊನೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದಾಗ ಬೆಳಗಿನ ಆಫೀಸ್ ಪ್ರಯಾಣ ಮತ್ತೆ ನಸುಕಿನ ಹೊತ್ತಿಗೆ ಬೀಳುತ್ತದೆ ಎಂಬುದೂ ನೆನಪಿರಲಿ.

ಕೆಂಪು ತ್ರಿಕೋನದೊಳಗೆ ನೆಗೆಯುವ ಜಿಂಕೆಯ ಫಲಕವಿದ್ದಲ್ಲಿ ಪ್ರಾಣಿಗಳು ದಾಟುತ್ತವೆ ಎಂದು ಗೊತ್ತಿದ್ದೇ ಅದನ್ನು ನೆಟ್ಟಿರುತ್ತಾರೆ. ಫಲಕ ಇಲ್ಲದಿದ್ದರೂ ಕಾಡು ಮುಗಿದು ಹೊಲ ಶುರುವಾಗುವ ಜಾಗ ಅಪಾಯದ್ದೇ. ಬೇಸಿಗೆಯ ಕೊನೆಗೆ ಆಳೆತ್ತರ ಬೆಳೆದ ಮೆಕ್ಕೆಜೋಳದ ಹೊಲ ರಸ್ತೆಯಂಚಿನವರೆಗೂ ಇದ್ದರೆ ಒಳಗಿರುವ ಹಂದಿ ಹಿಂಡು ಕಾಣುವುದೇ ಇಲ್ಲ. ಪ್ರಾಣಿಗಳನ್ನು ಬೆದರಿಸಲೆಂದು ರಸ್ತೆಬದಿಯ ಕಂಬಗಳಿಗೆ ಹಾಕಿದ ನೀಲಿ ಪ್ರತಿಫಲಕಗಳನ್ನು ನಂಬಿ ವೇಗ ಇಳಿಸದೆ ಇರಬೇಡಿ.

ಲೆಕ್ಕ

100ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತೀರಿ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಅಷ್ಟು ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿ ಬ್ರೇಕಿಗೆ ಇನ್ನೂ 48 ಮೀಟರ್ ಬೇಕು, ಒಟ್ಟು 76. ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದು ಐವತ್ತು ಅರವತ್ತು ಮೀಟರ್ ಅಷ್ಟೇ. 70ರಲ್ಲಿ ಹೊರಟರೆ ಅದೇ ಲೆಕ್ಕ ಸುಮಾರು 43 ಮೀಟರಿಗೆ ಇಳಿಯುತ್ತದೆ, ಬೈಕ್ ಬೆಳಕಿನೊಳಗೇ ನಿಲ್ಲುತ್ತದೆ. ಡಿಕ್ಕಿಯಾದರೂ ಹೊಡೆತದ ಶಕ್ತಿ ಹೆಚ್ಚುಕಡಿಮೆ ಅರ್ಧ. ಕತ್ತಲಾದ ಮೇಲೆ ಕಾಡುರಸ್ತೆಯಲ್ಲಿ 70 ದಾಟದಿರಲು ಇಷ್ಟು ಕಾರಣ ಸಾಕು. ದೂರ ಅಂದಾಜು ಮಾಡಲು ಬಿಳಿ ಕಂಬಗಳು ನೆರವಾಗುತ್ತವೆ: ನೇರ ರಸ್ತೆಯಲ್ಲಿ ಅವುಗಳ ನಡುವಿನ ಅಂತರ 50 ಮೀಟರ್.

ಪ್ರಾಣಿ ಕಂಡ ಕ್ಷಣ

ಅಪಾಯದ ಜಾಗಗಳಲ್ಲಿ ಮೊದಲೇ ಎರಡು ಬೆರಳು ಬ್ರೇಕ್ ಲಿವರಿನ ಮೇಲಿರಲಿ. ಪ್ರಾಣಿ ರಸ್ತೆಬದಿಯಲ್ಲಿ ನಿಂತಿದ್ದರೆ ಹೈಬೀಮ್ ಇಳಿಸಿ, ಏಕೆಂದರೆ ಕಣ್ಣು ಕೋರೈಸಿದ ಜಿಂಕೆ ಕದಲದೆ ನಿಂತುಬಿಡುತ್ತದೆ. ವೇಗ ಇಳಿಸಿ, ಹಾರ್ನ್ ಹೊಡೆಯಿರಿ. ಈ ದೇಶದಲ್ಲಿ ಹಾರ್ನ್ ಮುಟ್ಟಲೇಬಾರದು ಎಂದುಕೊಂಡವರು ಬಹಳ. ಆದರೆ ನಿಮಗೋ ಇತರರಿಗೋ ಅಪಾಯವಿದ್ದರೆ ಸಂಚಾರ ನಿಯಮದ 16ನೇ ಸೆಕ್ಷನ್ ಅದಕ್ಕೆ ಅನುಮತಿ ಕೊಡುತ್ತದೆ. ಒಂದು ದಾಟಿತೆಂದು ಗ್ಯಾಸ್ ಕೊಡಬೇಡಿ. ತಾಯಿಯ ಹಿಂದೆ ಮರಿ, ಹಂದಿಯ ಹಿಂದೆ ಇಡೀ ಹಿಂಡು ಇರುತ್ತದೆ.

ಎದುರಿಗೇ ನೆಗೆದರೆ ಬೈಕ್ ನೆಟ್ಟಗಿರಿಸಿ, ಕ್ಲಚ್ ಎಳೆದು ಎರಡೂ ಬ್ರೇಕ್ ಹಿಡಿಯಿರಿ. ಮುಂದಿನ ಬ್ರೇಕನ್ನು ತಟ್ಟನೆ ಹಿಸುಕದೆ, ಆದರೆ ತಡಮಾಡದೆ, ಒತ್ತಡ ಏರಿಸುತ್ತಾ ಹೋಗಬೇಕು. ಎಬಿಎಸ್ ಇದ್ದರೆ ಅದು ಕೆಲಸ ಶುರು ಮಾಡಿದ ಮೇಲೂ ಒತ್ತಡ ಬಿಡಬೇಡಿ. ಮೊಣಕಾಲಿನಿಂದ ಟ್ಯಾಂಕ್ ಬಿಗಿಹಿಡಿದರೆ ಮೈಭಾರ ಕೈಗಳ ಮೇಲೆ ಬೀಳುವುದಿಲ್ಲ. ದೃಷ್ಟಿ ಪ್ರಾಣಿಯ ಮೇಲೆ ನೆಟ್ಟರೆ ಬೈಕ್ ಅದರ ಕಡೆಗೇ ಹೋಗುತ್ತದೆ, ಆದ್ದರಿಂದ ಖಾಲಿ ಜಾಗವನ್ನೇ ನೋಡಿ. ತಿರುವಿನಲ್ಲಿದ್ದರೆ, ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್ ಇಲ್ಲದ ಬೈಕನ್ನು ಮೊದಲು ನೆಟ್ಟಗೆ ಮಾಡಿಯೇ ಪೂರ್ತಿ ಬ್ರೇಕ್ ಹಿಡಿಯಬೇಕು.

ಮೊಲ, ನರಿಯಂಥ ಸಣ್ಣ ಪ್ರಾಣಿ ತಪ್ಪಿಸಲಾಗದಿದ್ದರೆ ತಾಗುವ ಮುನ್ನ ಮುಂದಿನ ಬ್ರೇಕ್ ಬಿಡಿ. ಕುಗ್ಗಿದ ಫೋರ್ಕ್ ಮೇಲೇಳಬೇಕು, ಇಲ್ಲದಿದ್ದರೆ ಚಕ್ರ ಹತ್ತುವಾಗ ಹೊಡೆತ ನುಂಗಲು ಅದಕ್ಕೆ ಜಾಗವೇ ಇರುವುದಿಲ್ಲ. ಸೀಟಿನಿಂದ ಸ್ವಲ್ಪ ಎದ್ದು, ಹ್ಯಾಂಡಲ್ ನೇರ ಹಿಡಿದು ದಾಟಿ. ದೊಡ್ಡ ಪ್ರಾಣಿಯಾದರೆ ಕೊನೆಯವರೆಗೂ ವೇಗ ಇಳಿಸುವುದೇ ಕೆಲಸ.

ಡಿಕ್ಕಿಯ ನಂತರ

ಬೈಕ್ ಮತ್ತು ನೀವು ರಸ್ತೆಯಿಂದ ಆಚೆ ಬನ್ನಿ, ಇಂಡಿಕೇಟರ್ ಹಾಕಿಡಿ. ಹೊಳೆಯುವ ಜಾಕೆಟ್ ಬೈಕಿನವರಿಗೆ ಕಡ್ಡಾಯವಲ್ಲ, ಆದರೂ ಸೀಟಿನ ಕೆಳಗೆ ಒಂದನ್ನು ಇಟ್ಟುಕೊಳ್ಳಿ. ಗಾಯವಿದ್ದರೆ 112, ಇಲ್ಲದಿದ್ದರೆ ಪೊಲೀಸರಿಗೆ 110. ಫೋನಿನಲ್ಲಿ ಇಷ್ಟು ಹೇಳಿದರೆ ಸಾಕು: "ಇಶ್ ಮೋಶ್ಟೆ ಐನೆನ್ ವಿಲ್ಡ್‌ಉನ್‌ಫಾಲ್ ಮೆಲ್ಡೆನ್." ಕಾಡುಪ್ರಾಣಿ ಅಪಘಾತ ವರದಿ ಮಾಡಬೇಕಿದೆ ಎಂದರ್ಥ. ಜೊತೆಗೆ ರಸ್ತೆಯ ಸಂಖ್ಯೆ, ಹಿಂದಿನ ಮತ್ತು ಮುಂದಿನ ಊರಿನ ಹೆಸರು ಹೇಳಿ.

ಪ್ರಾಣಿ ಓಡಿಹೋಗಿದ್ದರೂ ವರದಿ ಮಾಡಲೇಬೇಕು. ಇಲ್ಲಿ ಪ್ರತಿ ಪ್ರದೇಶದ ಬೇಟೆ ಹಕ್ಕೂ ಒಬ್ಬರ ಕೈಯಲ್ಲಿರುತ್ತದೆ. ಗುತ್ತಿಗೆ ಪಡೆದವರನ್ನು ಯಾಗ್ಡ್‌ಪೆಶ್ಟರ್ ಎನ್ನುತ್ತಾರೆ. ಪೊಲೀಸರು ಅವರಿಗೆ ತಿಳಿಸುತ್ತಾರೆ, ಅವರು ತರಬೇತಾದ ನಾಯಿ ತಂದು ಗಾಯಗೊಂಡ ಪ್ರಾಣಿಯನ್ನು ಹುಡುಕಿ ನರಳಾಟ ಮುಗಿಸುತ್ತಾರೆ. ಅದು ಓಡಿದ ದಿಕ್ಕು ನೆನಪಿಡಿ, ಜಾಗಕ್ಕೆ ಗುರುತು ಹಾಕಿ. ಬಿದ್ದಿರುವ ಪ್ರಾಣಿಯ ಹತ್ತಿರ ಹೋಗಬೇಡಿ. ಗಾಯಗೊಂಡ ಹಂದಿ ಮೇಲೆರಗುತ್ತದೆ, ಸತ್ತ ಪ್ರಾಣಿಯಿಂದ ರೋಗ, ಪರಾವಲಂಬಿಗಳು ತಗಲಬಹುದು. ಎತ್ತಿಕೊಂಡು ಹೋಗುವುದಂತೂ ಬೇಟೆಗಳ್ಳತನ, ದಂಡ ಸಂಹಿತೆಯ 292ನೇ ಸೆಕ್ಷನ್ನಿನಡಿ ಅಪರಾಧ.

ಸ್ಥಳಕ್ಕೆ ಬಂದ ಪೊಲೀಸರಿಂದಲೋ ಬೇಟೆ ಹಕ್ಕುದಾರರಿಂದಲೋ ವಿಲ್ಡ್‌ಉನ್‌ಫಾಲ್ ಬೆಶೈನಿಗುಂಗ್ ಎಂಬ ಅಪಘಾತ ಪ್ರಮಾಣಪತ್ರ ಪಡೆಯದೆ ಹೊರಡಬೇಡಿ. ಬೈಕಿಗೆ ಅಂಟಿದ ರಕ್ತ, ಕೂದಲು ತೊಳೆಯಬೇಡಿ, ಅದೇ ಸಾಕ್ಷಿ. ಪ್ರಾಣಿ, ಬೈಕು, ಟೈರ್ ಗುರುತು ಎಲ್ಲದರ ಫೋಟೋ ತೆಗೆದು, ಗ್ಯಾರೇಜಿಗೆ ಕೊಡುವ ಮೊದಲೇ ವಿಮೆಯವರಿಗೆ ತಿಳಿಸಿ.

ವಿಮೆಯ ಸಿಕ್ಕು

ಕಡ್ಡಾಯವಾದ ಹಾಫ್ಟ್‌ಫ್ಲಿಶ್ಟ್ ಇತರರ ನಷ್ಟಕ್ಕೆ ಮಾತ್ರ, ನಿಮ್ಮ ಬೈಕಿಗೆ ಅದರಿಂದ ಒಂದು ಯೂರೋ ಸಹ ಬರುವುದಿಲ್ಲ. ಪ್ರಾಣಿಯ ಡಿಕ್ಕಿಗೆ ಬೇಕಾದದ್ದು ಟೈಲ್‌ಕಾಸ್ಕೊ, ಅಂದರೆ ನಿಮ್ಮದೇ ಬೈಕಿಗೆ ಮಾಡಿಸುವ ಭಾಗಶಃ ವಿಮೆ. ಅದರಲ್ಲೂ ಮೂಲ ಷರತ್ತು ಹಾರ್‌ವಿಲ್ಡ್, ಅಂದರೆ ಬೇಟೆ ಕಾನೂನಿನ ಪಟ್ಟಿಯಲ್ಲಿರುವ ಕೂದಲಿನ ಕಾಡುಪ್ರಾಣಿ: ರೇ, ಹಂದಿ, ನರಿ, ಮೊಲ. ದನ, ಕುದುರೆ, ನಾಯಿ, ಹಕ್ಕಿ ಇದರಲ್ಲಿಲ್ಲ. "ಟೀರೆ ಆಲ್ಲರ್ ಆರ್ಟ್", ಎಲ್ಲ ಬಗೆಯ ಪ್ರಾಣಿ, ಎಂದು ಬರೆದ ಪಾಲಿಸಿಯನ್ನೇ ಆರಿಸಿ. ನಿಮ್ಮ ಕಾರಿನ ಪಾಲಿಸಿಯಲ್ಲಿ ಇದ್ದದ್ದು ಬೈಕಿನದರಲ್ಲೂ ಇದೆ ಎಂದುಕೊಳ್ಳಬೇಡಿ, ಷರತ್ತು ಓದಿ. ಹೆಲ್ಮೆಟ್, ಜಾಕೆಟ್ ಸೇರಿವೆಯೇ ಎಂಬುದನ್ನೂ ಅಲ್ಲೇ ನೋಡಬೇಕು. ಟೈಲ್‌ಕಾಸ್ಕೊ ಹಣ ಪಡೆದರೆ ಅಪಘಾತವಿಲ್ಲದ ವರ್ಷಗಳ ರಿಯಾಯಿತಿ ಕಡಿಮೆಯಾಗುವುದಿಲ್ಲ, ಫೋಲ್‌ಕಾಸ್ಕೊ ಎಂಬ ಪೂರ್ಣ ವಿಮೆಯಲ್ಲಿ ಸಾಮಾನ್ಯವಾಗಿ ಆಗುತ್ತದೆ.

ಪ್ರಾಣಿಗೆ ತಾಗದೆ, ತಪ್ಪಿಸಲು ಹೋಗಿ ಬಿದ್ದರೆ? ಡಿಕ್ಕಿ ತಪ್ಪಿಸಲು ಮಾಡಿದ ಖರ್ಚು ಎಂಬ ಲೆಕ್ಕದಲ್ಲಿ ಟೈಲ್‌ಕಾಸ್ಕೊ ಕೊಡಬಹುದು. ಆದರೆ ಪ್ರಾಣಿ ನಿಜವಾಗಿಯೂ ಅಡ್ಡ ಬಂತೆಂದು ಸಾಬೀತು ಮಾಡುವ ಹೊಣೆ ನಿಮ್ಮದು. ಹಿಂದೆ ಬಂದ ಕಾರಿನವರ ಹೆಸರು, ನಂಬರ್ ಅಲ್ಲೇ ಬರೆದುಕೊಳ್ಳಿ. ಸಣ್ಣ ಪ್ರಾಣಿಗಾಗಿ ಪಕ್ಕಕ್ಕೆ ಎಳೆದ ಕಾರಿನವರಿಗೆ ಹಣ ಸಿಗುವುದು ಕಷ್ಟ. ಎರಡು ಚಕ್ರದವರಿಗೆ ನರಿ ತಾಗಿದರೂ ಬೀಳುವ ಅಪಾಯವಿರುವುದರಿಂದ ಬೈಕಿನ ಪ್ರಕರಣವನ್ನು ಬೇರೆಯಾಗಿ ತೂಗಿ ನೋಡಲು ಆಧಾರವಿದೆ. ವಿಮೆಯವರು ನಿರಾಕರಿಸಿದರೆ ಈ ಅಂಶ ಎತ್ತಿ ಬರೆಯಿರಿ.

ಸಾಕುಪ್ರಾಣಿಗೆ ಯಜಮಾನ ಹೊಣೆ, ನಾಗರಿಕ ಸಂಹಿತೆಯ 833ನೇ ಸೆಕ್ಷನ್ ಪ್ರಕಾರ. ನಾಯಿ ಮಾಲೀಕರಲ್ಲಿ ಅನೇಕರಿಗೆ ಹೊಣೆಗಾರಿಕೆ ವಿಮೆ ಇರುತ್ತದೆ, ವಿವರ ಕೇಳಿ ಪಡೆಯಿರಿ. ರೈತ ಬೇಲಿಯನ್ನು ಸರಿಯಾಗಿ ನೋಡಿಕೊಂಡಿದ್ದೆ ಎಂದು ತೋರಿಸಿದರೆ ತಪ್ಪಿಸಿಕೊಂಡ ದನದ ಹೊಣೆಯಿಂದ ಪಾರಾಗಬಹುದು, ಆದ್ದರಿಂದ ಮುರಿದ ಬೇಲಿ ಕಂಡರೆ ಅದರ ಫೋಟೋವೂ ಬೇಕು.

ಆಫೀಸಿಗೆ ಹೋಗುವ ಅಥವಾ ಬರುವ ನೇರ ದಾರಿಯಲ್ಲಿ ಬಿದ್ದು ಗಾಯವಾಗಿದ್ದರೆ ಅದು ವೇಗೆಉನ್‌ಫಾಲ್. ಚಿಕಿತ್ಸೆಯ ಖರ್ಚು ನಿಮ್ಮ ಆರೋಗ್ಯ ವಿಮೆಯದಲ್ಲ, ಉದ್ಯೋಗದಾತರ ಅಪಘಾತ ವಿಮೆಯದು. ಮನೆ ಹತ್ತಿರದ ವೈದ್ಯರ ಬದಲು ಡುರ್ಶ್‌ಗಾಂಗ್ಸ್‌ಆರ್ಟ್ಸ್ಟ್ ಎಂಬ ಅಧಿಕೃತ ವೈದ್ಯರ ಬಳಿ ಹೋಗಿ, ದಾರಿಯಲ್ಲಿ ಆದದ್ದೆಂದು ಮೊದಲೇ ಹೇಳಿ, ಅದೇ ದಿನ ಆಫೀಸಿಗೂ ತಿಳಿಸಿ.