ಅಂಕಣದ ಮನೆಗೆ ಟೇಪು ಹಿಡಿಯುವುದು ಹೇಗೆ?

ಆರ್ಕಿಟೆಕ್ಚರ್ ಓದುವವರಿಗೆ ಮೊದಲ ವರ್ಷಗಳಲ್ಲೇ ಒಂದು ಕೆಲಸ ಬಂದೇ ಬರುತ್ತದೆ: ಹಳೆಯ ಕಟ್ಟಡವೊಂದನ್ನು ಅಳೆದು, ಇದ್ದದ್ದನ್ನು ಇದ್ದ ಹಾಗೆ ನಕ್ಷೆಗೆ ಇಳಿಸುವುದು. ಮೆಷರ್ಡ್ ಡ್ರಾಯಿಂಗ್ ಅನ್ನುತ್ತಾರೆ. ಹುಬ್ಬಳ್ಳಿ-ಧಾರವಾಡದ ಹುಡುಗರ ಮನಸ್ಸು ಮೊದಲು ಓಡುವುದು ಲಕ್ಕುಂಡಿಗೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ, ಕಾಶಿವಿಶ್ವೇಶ್ವರ ಗುಡಿ ಅಲ್ಲಿರುವಾಗ ಅದು ಸಹಜ. ಆದರೆ ಅವು ಸಂರಕ್ಷಿತ ಸ್ಮಾರಕಗಳು, ಅಳೆಯಲು ಅನುಮತಿ ಬೇಕು. ಮೇಲಾಗಿ ಹೊಸಬರ ಕಣ್ಣು ಕೆತ್ತನೆಯಲ್ಲೇ ಸಿಕ್ಕಿಬಿದ್ದು, ಕಟ್ಟಡ ನಿಂತ ಬಗೆಯೇ ಕಾಣದೆ ಹೋಗುತ್ತದೆ. ಮೊದಲ ಸಲ ಅಳೆಯುವವರು ಗದಗ, ಅಣ್ಣಿಗೇರಿ, ನವಲಗುಂದ ಕಡೆಯ ಒಂದು ಮೇಲ್ಮುದ್ದೆ ಮನೆ, ಅಂದರೆ ಮಣ್ಣಿನ ಮಾಳಿಗೆಯ ಮನೆ, ಹಿಡಿಯಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂಥ ಮನೆಗಳು ವರ್ಷ ವರ್ಷ ಬೀಳುತ್ತಿವೆ, ಬಹುತೇಕ ಯಾವುದಕ್ಕೂ ನಕ್ಷೆಯಿಲ್ಲ.

ಮೂವರು ಹೋಗಿ. ಒಬ್ಬರು ಟೇಪಿನ ಸೊನ್ನೆ ಹಿಡಿಯಲು, ಒಬ್ಬರು ಓದಲು, ಒಬ್ಬರು ಬರೆಯಲು. ಓದಿದ ಅಳತೆಯನ್ನು ಬರೆಯುವವರು ಜೋರಾಗಿ ತಿರುಗಿ ಹೇಳಬೇಕು. 30 ಮೀಟರಿನ ಟೇಪು, 5 ಮೀಟರಿನ ಸ್ಟೀಲ್ ಟೇಪು, ತೂಗುಗುಂಡು, ಹದಿನೈದು ಮೀಟರ್ ಪಾರದರ್ಶಕ ಪೈಪು, ಪೇಪರ್ ಟೇಪು, ದೊಡ್ಡ ಹಾಳೆ, ಪೆನ್ಸಿಲ್ ಇದ್ದರೆ ಸಾಕು.

ಟೇಪು ಬಿಚ್ಚುವ ಮುಂಚೆ ಮನೆಯನ್ನು ಒಂದು ಸುತ್ತು ನಡೆದು ಕೈಯಲ್ಲೇ ನಕ್ಷೆ ಬರೆಯಿರಿ. ತಲಬಾಗಿಲು ದಾಟಿದರೆ ದನ ಕಟ್ಟುವ ದಂದಕ್ಕಿ, ಎರಡಡಿ ಮೇಲೆ ಪಡಸಾಲೆ, ಒಳಗೆ ಅಡುಗೆಮನೆ, ದೇವರ ಜಗಲಿ, ಹಿಂದೆ ಹಿತ್ತಲು. ನಮ್ಮ ಕಡೆ ಮನೆಯನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ‘ಐದಂಕಣದ ಮನಿ’, ‘ಏಳಂಕಣದ ಮನಿ’ ಅನ್ನುತ್ತಿದ್ದರು. ಅಂಕಣವೆಂದರೆ ಕಂಬದಿಂದ ಕಂಬಕ್ಕಿರುವ ಜಾಗ. ಹಾಗಾಗಿ ನಿಮ್ಮ ನಕ್ಷೆಯಲ್ಲೂ ಮೊದಲು ಕಂಬಗಳು ಬರಲಿ, ಒಂದೊಂದಕ್ಕೂ ನಂಬರು ಇರಲಿ. ಗೋಡೆ ಆಮೇಲೆ. ಹಿರಿಯರನ್ನು ಕೂರಿಸಿಕೊಂಡು ಯಾವ ಭಾಗ ಮೊದಲಿನದು, ಯಾವುದು ಪಾಲಾದ ಮೇಲೆ ಎದ್ದ ಗೋಡೆ ಎಂದು ಕೇಳಿ. ಅರ್ಧ ತಾಸಿನ ಈ ಮಾತು ಮುಂದೆ ಎರಡು ದಿನದ ಗೊಂದಲ ತಪ್ಪಿಸುತ್ತದೆ.

ಆಮೇಲೆ ಸಮಮಟ್ಟದ ಗೆರೆ. ಒಂದು ಕಂಬದ ಮೇಲೆ ಪಡಸಾಲೆಯ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರಕ್ಕೆ ಗುರುತು ಮಾಡಿ. ಪೈಪಿಗೆ ನೀರು ತುಂಬಿ, ಒಂದು ತುದಿಯ ನೀರನ್ನು ಆ ಗುರುತಿಗೆ ತಂದು ನಿಲ್ಲಿಸಿ, ಇನ್ನೊಂದು ತುದಿಯನ್ನು ಉಳಿದ ಕಂಬ-ಗೋಡೆಗಳಿಗೆ ಒಯ್ಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ, ಉದ್ದಕ್ಕೂ ಬೆರಳಾಡಿಸಿ ನೋಡಿಕೊಳ್ಳಿ. ಗುರುತಿಗೆ ಸುಣ್ಣ, ಬಣ್ಣ ಬೇಡ. ಎಷ್ಟೋ ಮನೆಗಳಲ್ಲಿ ಕಂಬಕ್ಕೆ ದಿನವೂ ಪೂಜೆ ಇರುತ್ತದೆ. ಪೇಪರ್ ಟೇಪು ಅಂಟಿಸಿ, ಹೊರಡುವಾಗ ತೆಗೆಯಿರಿ. ಈ ಗೆರೆಯಿಂದ ಕೆಳಗೆ ನೆಲಕ್ಕೆ, ಮೇಲೆ ತೊಲೆಗೆ ಅಳೆದರೆ ಮನೆಯ ಯಾವ ಮೂಲೆ ಕುಸಿದಿದೆ ಎಂಬುದು ತಾನೇ ಹೊರಬೀಳುತ್ತದೆ.

ಉದ್ದ ಅಳೆಯುವಾಗ ತುಂಡು ತುಂಡಾಗಿ ಅಳೆದು ಕೂಡಿಸಬೇಡಿ. ಗೋಡೆಯ ಒಂದು ತುದಿಗೆ ಸೊನ್ನೆ ಇಟ್ಟು ಟೇಪು ಹಾಸಿಬಿಟ್ಟು, ಬಾಗಿಲು, ಮಾಡ (ಗೋಡೆಯೊಳಗಿನ ಗೂಡು), ಕಂಬ ಎಲ್ಲವನ್ನೂ ಅದೇ ಟೇಪಿನ ಮೇಲೆ ಓದುತ್ತಾ ಹೋಗಿ. ಹತ್ತು ತುಂಡಿನಲ್ಲಿ ಒಂದೊಂದಕ್ಕೂ ಅರ್ಧ ಸೆಂಟಿಮೀಟರ್ ತಪ್ಪಿದರೂ ಕೊನೆಗೆ ಐದು ಸೆಂಟಿಮೀಟರ್ ಆದೀತು. ಗೌಂಡಿ ಅಡಿಯಲ್ಲಿ ಹೇಳಿದ ಲೆಕ್ಕವನ್ನು ಮೆಟ್ರಿಕ್‌ಗೆ ತರುವಾಗ ಅಡಿಗೆ 300 ಮಿಲಿಮೀಟರ್ ಅಂತ ಹಿಡಿಯಬೇಡಿ. ಅಡಿಯೆಂದರೆ 304.8. ಹನ್ನೆರಡು ಅಡಿಗೆ ಎರಡಿಂಚಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ.

ಇನ್ನು ಕರ್ಣ. ಎರಡನೇ ವರ್ಷದಲ್ಲಿ ನಾವು ಅಳೆದ ಮೊದಲ ಮನೆಯಲ್ಲಿ ನಾನು ನಾಲ್ಕು ಗೋಡೆ ಅಳೆದು, ಕರ್ಣ ಬಿಟ್ಟು ಬಂದಿದ್ದೆ. ಹಾಸ್ಟೆಲಿನಲ್ಲಿ ರಾತ್ರಿ ನಕ್ಷೆ ಬರೆದರೆ ಪಡಸಾಲೆಯ ಮೂಲೆ ನಾಲ್ಕಿಂಚು ಕೂಡಲೇ ಇಲ್ಲ. ಮತ್ತೆ ಊರಿಗೆ ಹೋಗಿ, ಬೆಳಗಿನ ಕೆಲಸದಲ್ಲಿದ್ದ ಮನೆಯವರ ಮುಂದೆ ನಿಂತು ಇನ್ನೊಮ್ಮೆ ಒಳಗೆ ಬಿಡಿ ಎಂದು ಕೇಳಬೇಕಾಯಿತು. ಅಂದಿನಿಂದ ಕರ್ಣವೇ ಮೊದಲು. ಒಂದು ಕೋಣೆ 12 ಅಡಿಗೆ 9 ಅಡಿ ಎಂದುಕೊಳ್ಳಿ. ಮೂಲೆಗಳು ನೇರವಾಗಿದ್ದರೆ ಎರಡೂ ಕರ್ಣ 15 ಅಡಿ ಬರಬೇಕು. ಒಂದು 15 ಅಡಿ 2 ಇಂಚು, ಇನ್ನೊಂದು 14 ಅಡಿ 10 ಇಂಚು ಬಂದರೆ ಕೋಣೆ ಓರೆಯಾಗಿದೆ. ಓರೆಯಾಗಿಯೇ ಬರೆಯಿರಿ. ಆಟೋಕ್ಯಾಡ್‌ನಲ್ಲಿ ಎಫ್8 ಒತ್ತಿ, ಗೆರೆಯನ್ನು ನೆಟ್ಟಗೇ ಎಳೆಸುವ ಆರ್ಥೋ ಆಫ್ ಮಾಡಿ, ಒಂದು ಗೋಡೆಯ ಒಂದು ತುದಿಯಿಂದ ಪಕ್ಕದ ಗೋಡೆಯ ಉದ್ದಕ್ಕೆ, ಇನ್ನೊಂದು ತುದಿಯಿಂದ ಕರ್ಣದ ಉದ್ದಕ್ಕೆ ವೃತ್ತ ಎಳೆದು, ಅವು ಕೂಡುವಲ್ಲಿ ಮೂರನೇ ಮೂಲೆ ಹಿಡಿಯಿರಿ. ಓರೆ ಗೋಡೆಯನ್ನು ಪರದೆಯ ಮೇಲೆ ನೆಟ್ಟಗೆ ಮಾಡಿದವರು ಆ ಮನೆಯನ್ನು ಬರೆದಂತಾಗಲಿಲ್ಲ.

ಮಣ್ಣಿನ ಗೋಡೆ ಬುಡದಲ್ಲಿ ದಪ್ಪ, ಮೇಲೆ ತೆಳು. ಮೇಲಿಂದ ತೂಗುಗುಂಡು ಬಿಟ್ಟು, ಅಡಿಗೊಮ್ಮೆ ದಾರದಿಂದ ಗೋಡೆಗೆ ಎಷ್ಟು ಅಂತರ ಎಂದು ಬರೆದುಕೊಳ್ಳಿ. ಬಿರುಕುಗಳನ್ನೂ ಅಳೆಯಿರಿ, ಪಕ್ಕದಲ್ಲಿ ತಾರೀಕು ಹಾಕಿ. ಇದು ಎರೆ ಸೀಮೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಜೊತೆ ಗೋಡೆಯ ಬಿರುಕೂ ಹಿಗ್ಗಿ ಕುಗ್ಗುವುದುಂಟು. ಏಪ್ರಿಲ್‌ನಲ್ಲಿ ಅಳೆದದ್ದು ಸೆಪ್ಟೆಂಬರ್‌ನಲ್ಲಿ ಅಷ್ಟೇ ಇರಬೇಕೆಂದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಮಾಳಿಗೆ. ಕಂಬದ ತಲೆಯ ಮೇಲೆ ಅಡ್ಡಮರವಾಗಿ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಸಣ್ಣ ಕಟ್ಟಿಗೆ, ಸೊಪ್ಪು, ಕೊನೆಗೆ ಮಣ್ಣು. ಆ ಮಣ್ಣು ಎಷ್ಟು ದಪ್ಪ? ಅಗೆಯಬೇಕಿಲ್ಲ. ಬೆಳಕಿಂಡಿಯ ಕೆಳಗೆ ನಿಂತು ಕತ್ತೆತ್ತಿ ನೋಡಿ. ಕಿಂಡಿಯ ಅಂಚಿನಲ್ಲಿ ಮಾಳಿಗೆಯ ಒಂದೊಂದೇ ಪದರ ಕತ್ತರಿಸಿದ ಹಾಗೆ ಕಾಣುತ್ತದೆ. ಮೇಲೆ ಹತ್ತಿ ಅಲ್ಲಿಂದ ಟೇಪು ಇಳಿಬಿಡಿ. ಒಂದಡಿ ಮಣ್ಣಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು ಅರ್ಧ ಟನ್ ಭಾರ. ಐದಿಂಚಿನ ಕಾಂಕ್ರೀಟ್ ಸ್ಲ್ಯಾಬಿನದು ಸುಮಾರು 310 ಕಿಲೊ. ಕಂಬಗಳು ಯಾಕಿಷ್ಟು ಹತ್ತಿರ, ಅಂಕಣ ಯಾಕಿಷ್ಟು ಕಿರಿದು ಎಂಬುದಕ್ಕೆ ಉತ್ತರ ಈ ಭಾರದಲ್ಲೇ ಇದೆ. ಸ್ಟ್ರಕ್ಚರ್ಸ್ ತರಗತಿಯಲ್ಲಿ ಬೋರ್ಡಿನ ಮೇಲೆ ಬರುವ ಲೋಡು ಇಲ್ಲಿ ತಲೆಯ ಮೇಲಿರುತ್ತದೆ. ಮೇಲೆ ಹಾಕಿದ್ದು ಕರಲು ಮಣ್ಣೇ ಎಂದು ಮನೆಯವರನ್ನು ಕೇಳಿ. ಅದರಲ್ಲಿನ ಸವಳು, ಅಂದರೆ ಉಪ್ಪಿನಂಶ, ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಸಂದು ಮುಚ್ಚುವುದರಿಂದ ನೀರು ಸುಲಭಕ್ಕೆ ಇಳಿಯುವುದಿಲ್ಲ.

ಮನೆಯಲ್ಲಿ ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿ, ಇದ್ದರೆ ಒಳಗೆ ಇಳಿಯಲೇಬೇಡಿ. ಮುಚ್ಚಿಟ್ಟ ಹಗೇವಿನ ಗಾಳಿ ಪ್ರಾಣ ತೆಗೆಯುತ್ತದೆ. ಟೇಪಿಗೆ ಭಾರ ಕಟ್ಟಿ ಮೇಲಿಂದಲೇ ಆಳ ನೋಡಿ.

ಹಾಳೆಗೆ ಇಳಿಸುವಾಗ ಪ್ಲಾನು, ಮನೆಯನ್ನು ಸೀಳಿದ ಹಾಗೆ ತೋರಿಸುವ ಸೆಕ್ಷನ್ನು 1:50ರಲ್ಲಿ ಸಾಕು. ಎರಡಡಿ ಗೋಡೆ ಹಾಳೆಯ ಮೇಲೆ 12 ಮಿಲಿಮೀಟರ್ ಬರುತ್ತದೆ. ಬೋದಿಗೆ, ಬಾಗಿಲ ಚೌಕಟ್ಟಿಗೆ 1:5 ಇಟ್ಟುಕೊಳ್ಳಿ. ಸೆಕ್ಷನ್ ಗೆರೆ ತಲಬಾಗಿಲು, ದಂದಕ್ಕಿ, ಪಡಸಾಲೆ, ಬೆಳಕಿಂಡಿ ಹಾದುಹೋಗಲಿ, ಕಂಬವನ್ನು ಮಾತ್ರ ಸೀಳದಿರಲಿ. ಉತ್ತರ ದಿಕ್ಕು, ಸ್ಕೇಲು, ಅಳೆದ ದಿನ ಬರೆಯಿರಿ.

ಒಂದು ಪ್ರತಿ ಮನೆಯವರಿಗೆ ಕೊಟ್ಟು ಬನ್ನಿ. ಅದರಲ್ಲಿ ಕೋಣೆಗಳ ಹೆಸರು ಅವರು ಕರೆಯುವ ಹಾಗೇ ಇರಲಿ: ಪಡಸಾಲಿ, ದಂದಕ್ಕಿ, ಅಡಗಿಮನಿ, ಹಿತ್ತಲ.