ಕ್ಯಾಪ್ಸೂಲ್ ಬಿಟ್ಟೆ, ಕರುಳಿಗೆ ಮೇವು ಹಾಕಿದೆ

"ಅಂಬಲಿ ಕುಡಿದರೆ ಸಕ್ಕರೆ ಇಳಿಯುತ್ತದೆಯೇ ಮೇಷ್ಟ್ರೇ?" ಎಂದು ದಾವಣಗೆರೆಯಲ್ಲಿ ಬೆಳಗಿನ ನಡಿಗೆಗೆ ಜೊತೆಯಾಗುವವರೆಲ್ಲ ಕೇಳಿದ್ದರು. ಕಳೆದ ತಿಂಗಳು ಅವರಿಗೆ ವರದಿ ತೋರಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಂಬತ್ತರ ಹತ್ತಿರವಿದ್ದದ್ದು 6.7ಕ್ಕೆ ಬಂದಿದೆ, 84 ಕಿಲೋ ಇದ್ದವನು 76ಕ್ಕೆ ಇಳಿದಿದ್ದೇನೆ. ಒಂಬತ್ತು ತಿಂಗಳು ಹಿಡಿಯಿತು.

ಮೊದಲು ದುಡ್ಡು ಕಳೆದೆ. ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸುವ ಪ್ರೊಬಯಾಟಿಕ್ ಕ್ಯಾಪ್ಸೂಲಿಗೆ ಮೂರು ತಿಂಗಳಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ ಹೋಯಿತು, ಅಂಕಿ ಅಲುಗಲಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ ಹಾಗೆಯೇ ನಡೆದಿದ್ದವು. ಆಗ 2013ರ ಇಲಿಗಳ ಪ್ರಯೋಗದ ಬಗ್ಗೆ ಓದಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿ ಜೆಫ್ರಿ ಗಾರ್ಡನ್ ಅವರ ತಂಡ ಅವಳಿಗಳಲ್ಲಿ ದಪ್ಪಗಿದ್ದವರ ಕರುಳಿನ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಸೇರಿಸಿದಾಗ ಅವುಗಳಿಗೆ ಕೊಬ್ಬು ಬೆಳೆಯಿತು. ತೆಳ್ಳಗಿನವರ ಬ್ಯಾಕ್ಟೀರಿಯಾ ಪಡೆದ ಇಲಿಗಳನ್ನು ಅದೇ ಗೂಡಿಗೆ ಬಿಟ್ಟರೆ ಆ ಕೊಬ್ಬು ಬೆಳೆಯುತ್ತಿರಲಿಲ್ಲ. ಆದರೆ ಜಿಡ್ಡು ಕಡಿಮೆ, ನಾರು ಹೆಚ್ಚು ಇರುವ ಆಹಾರ ಹಾಕಿದಾಗ ಮಾತ್ರ. ನನ್ನ ತಪ್ಪು ಅಲ್ಲಿತ್ತು. ಬ್ಯಾಕ್ಟೀರಿಯಾ ನುಂಗುತ್ತಿದ್ದೆ, ಮೇವು ಹಾಕುತ್ತಿರಲಿಲ್ಲ.

ಹೊಸದುರ್ಗದ ಕಡೆಯಿಂದ ಸಾಮೆ, ನವಣೆ ತರಿಸಿದೆ. ಹುರುಳಿ, ಬಾಳೆದಿಂಡು, ಸೊಪ್ಪು ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಿದ್ದರಿಂದ ಹೊಟ್ಟೆ ಉಬ್ಬರಿಸಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಿಲ್ಲಿಸಿ, ವಾರಕ್ಕೊಂದು ಹಿಡಿಯಂತೆ ಮತ್ತೆ ಏರಿಸಿದೆ. ಏಪ್ರಿಲ್ ಬಿಸಿಲಿಗೆ ರಾಗಿ ಅಂಬಲಿ ಮೂಗು ಮುಚ್ಚುವಷ್ಟು ಹುಳಿಯಾಯಿತು; ನಾಲ್ಕು ಪಾತ್ರೆ ಚೆಲ್ಲಿದೆ. ನಮ್ಮ ಊರಿನ ಬೇಸಿಗೆಗೆ ಏಳೆಂಟು ಗಂಟೆ ಸಾಕು. ಹುಳಿ ಬರಿಸಲು ನಾನು ಬೆರೆಸುವ ವಸ್ತು ಅಜ್ಜಿಯ ಕಾಲದ್ದು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಆರನೆಯ ವಾರದಲ್ಲಿ ಹನ್ನೊಂದು ಗಂಟೆಯ ಹಸಿವು ಹೋಯಿತು. ನಾರನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಸಿದಾಗ ಹುಟ್ಟುವ ಬ್ಯುಟಿರೇಟ್‌ನಂಥ ಆಮ್ಲಗಳು ಹಸಿವು ತಗ್ಗಿಸುವ ಜಿಎಲ್‌ಪಿ-1 ಹಾರ್ಮೋನನ್ನು ಎಬ್ಬಿಸುತ್ತವೆ. ಓದಿದ್ದನ್ನು ಮೈಯಲ್ಲಿ ಕಂಡಾಗ ಆದ ಸಂತೋಷ ದೊಡ್ಡದು.

ನಡುವೆ ತಂಗಳನ್ನವನ್ನೂ ಪರೀಕ್ಷಿಸಿದೆ. ಒಂದೇ ಅಳತೆಯ ಅನ್ನ, ಬಿಸಿಯಾಗಿ ಉಂಡರೆ ಎರಡು ಗಂಟೆಯ ನಂತರ ರಕ್ತದ ಸಕ್ಕರೆ 210ರ ಆಸುಪಾಸು. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಮಜ್ಜಿಗೆಯಲ್ಲಿ ಉಂಡರೆ 185. ಐದು ಬಾರಿ ನೋಡಿದೆ, ನಾಲ್ಕು ಬಾರಿ ಹಾಗೆಯೇ ಬಂತು. ಸಕ್ಕರೆ ನೋಡುವ ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿಯಂತೆ ಖರ್ಚಾದರೂ ಬೇಸರವಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾನಾಗಿ ಒಂದು ದಿನವೂ ಬಿಟ್ಟಿಲ್ಲ. ಎರಡು ವರದಿ ನೋಡಿದ ಮೇಲೆ ವೈದ್ಯರೇ ಅರ್ಧಕ್ಕೆ ಇಳಿಸಿದರು. ಈ ವಾರದಿಂದ ಬಾಳೆಕಾಯಿ ಹಿಟ್ಟು ಶುರುವಾಗಿದೆ. ಎರಡು ಚಮಚಕ್ಕಿಂತ ಮೇಲೆ ಹೋಗಿಲ್ಲ.